ಕೈ ಮುಟ್ಟದೆ ಎದ್ದ ಸರ್ವರ್

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಎಲ್ಲರೂ ಸರ್ವರಕ್ಕ ಎಂದೇ ಕರೆಯುತ್ತೇವೆ. ಸರ್ವರ್ ಒಮ್ಮೆ ಆಫ್ ಆಗಿ ಆನ್ ಆಯಿತೆಂದರೆ ರಕ್ತಪರೀಕ್ಷೆಯ ರಿಪೋರ್ಟ್ ಒಂದೂ ವಾರ್ಡಿಗೆ ಹೋಗುತ್ತಿರಲಿಲ್ಲ. ರಿಪೋರ್ಟ್ ಕಳಿಸುವ ಪ್ರೋಗ್ರಾಮಿಗೆ ತನ್ನದೇ ಡೈರೆಕ್ಟರಿಯಲ್ಲಿ, ಅಂದರೆ ಫೈಲುಗಳನ್ನಿಡುವ ಜಾಗದಲ್ಲಿ, ಬರೆಯಲು ಅನುಮತಿ ಇರುತ್ತಿರಲಿಲ್ಲ. ಅಕ್ಕ ಓಡಿ ಬಂದು ಎರಡು ಸಾಲು ಟೈಪ್ ಮಾಡಿ ಅನುಮತಿ ಕೊಟ್ಟರೆ ಎಲ್ಲ ಸರಿ. ಆರು ವರ್ಷ ಇದೇ ಪಾಡು. ಯಾರೋ ಕೈಯಾಡಿಸುತ್ತಿದ್ದಾರೆಂದು ಎಲೆಕ್ಟ್ರಿಷಿಯನ್ ಮೇಲೆ ಅವರಿಗೆ ಗುಮಾನಿ. ಆ ಪಾಪದವನನ್ನು ಕಂಡರೆ ಕಣ್ಣು ಕೆಂಪಗೆ ಮಾಡುತ್ತಿದ್ದರು.

ಈಗ ಅಕ್ಕನ ಮಗಳಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ, ಅವಳೂರಿಗೆ ಒಂಬತ್ತು ತಾಸಿನ ದಾರಿ. ರಜೆ ಕೇಳಿದರೆ ದೊಡ್ಡ ಡಾಕ್ಟರು, "ಹೋಗಿಬನ್ನಿ, ಆದ್ರೆ ಕರೆಂಟ್ ಹೋದ್ರೆ ಇದನ್ನ ಎಬ್ಬಿಸೋರು ಯಾರು?" ಎಂದರು. ನನಗೆ ಮೈ ಉರಿಯಿತು. ಅವರ ಮಾತಿನಲ್ಲಿ ತಪ್ಪಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಅಕ್ಕ ಹಟಕ್ಕೆ ಬಿದ್ದರು. ಮರುದಿನ ಬೆಳಿಗ್ಗೆ ಸರ್ವರನ್ನು ತಾವೇ ಆಫ್ ಮಾಡಿ, ಆನ್ ಮಾಡಿ, ಡೈರೆಕ್ಟರಿ ಹುಟ್ಟಿದ ಹೊತ್ತು ನೋಡಿದರು: ಆಗಷ್ಟೇ ಹುಟ್ಟಿತ್ತು.

"ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!" ಕೂಗು ಕಾರಿಡಾರಿನ ಕೊನೆಗೂ ಕೇಳಿತು. "ಇದು ಡಿಸ್ಕಲ್ಲಿಲ್ಲ ಕಣೇ, ಮೆಮೊರಿಲಿದೆ! ಆಫ್ ಆದ್ರೆ ಡೈರೆಕ್ಟರೀನೇ ಇರಲ್ಲ, ಪ್ರತಿಸಲ ಹೊಸದು. ಹಳೇದಕ್ಕೆ ಕೊಟ್ಟ ಅನುಮತಿ ಯಾರು ಕದ್ರು ಅಂತ ಆರು ವರ್ಷ ಕೂತಿದ್ದೀನಿ!"

"ಹಾಗಾದ್ರೆ ಎಲೆಕ್ಟ್ರಿಷಿಯನ್?" ಎಂದೆ.

"ಅವನಿಗೆ ಟೀ ಕೊಡಿಸ್ತೀನಿ, ಸುಮ್ನಿರು."

ಸರ್ವರ್ ಏಳುವಾಗ ತಾನೇ ಓದಿಕೊಳ್ಳುವ ಫೈಲಿನಲ್ಲಿ ಅಕ್ಕ ಒಂದೇ ಸಾಲು ಸೇರಿಸಿದರು: ಈ ಡೈರೆಕ್ಟರಿ ಮಾಡು, ಈ ಪ್ರೋಗ್ರಾಮಿನ ಹೆಸರಿಗೆ ಕೊಡು, ಬರೆಯಲು ಬಿಡು.

ಮಧ್ಯಾಹ್ನ ಡಾಕ್ಟರ ಎದುರಿಗೇ ಎಲೆಕ್ಟ್ರಿಷಿಯನ್ನನ್ನು ಕರೆದು, "ಕೀಳಪ್ಪ ಪ್ಲಗ್ಗು, ಈ ಸಲ ನಿಜವಾಗ್ಲೂ ನೀನೇ ಮಾಡಿದ್ದು ಅಂತ ಹೇಳ್ತೀನಿ" ಎಂದರು. ಕಿತ್ತ, ಮತ್ತೆ ಹಾಕಿದ. ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಹಿಂದಿದ್ದ ನನಗೆ ಕಾಣುತ್ತಿತ್ತು: ಬೆರಳುಗಳು ಹಳೆಯ ಎರಡು ಸಾಲನ್ನು ಗಾಳಿಯಲ್ಲೇ ಟೈಪ್ ಮಾಡುತ್ತಿದ್ದವು.

ವಾರ್ಡಿನಿಂದ ಫೋನ್ ಬಂತು. "ರಿಪೋರ್ಟ್ ಬಂತಂತೆ!" ಎಂದರು ಡಾಕ್ಟರು. ನಾನು ಕುಣಿದೇಬಿಟ್ಟೆ. ಅಕ್ಕ ಅಂದೇ ಸಂಜೆಯ ಬಸ್ಸು ಹತ್ತಿದರು.

ವಾರದ ಮೇಲೆ ಅವರೇ ಫೋನ್ ಮಾಡಿದರು.

"ಏನೇ, ಕರೆಂಟ್ ಹೋಗಿಲ್ವಾ?"

"ಮೂರು ಸಲ ಹೋಯ್ತಕ್ಕ."

"ಮತ್ತೆ ನಂಗೆ ಫೋನೇ ಮಾಡ್ಲಿಲ್ಲ?"

"ಯಾಕಕ್ಕ ಮಾಡ್ಬೇಕಿತ್ತು?"

ಆ ಕಡೆ ಅಕ್ಕನ ಹಿಂದಿನಿಂದ ಮಗುವಿನ ಅಳು ಕೇಳಿಸಿತು.