ನರ್ಸಮ್ಮನ ಜೀಪಿನ ಸ್ಟೀರಿಂಗು

ನರ್ಸಮ್ಮನ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿದ್ದಷ್ಟು ಕಾಲ ಸಿರಿಂಜು ಒತ್ತಿ ಒತ್ತಿ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ಕುದೂರಿನ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದರೆ ಆ ಹೆಬ್ಬೆರಳಿನ ಉಗುರಲ್ಲಿ ಕೌಂಟರಿನ ಗಾಜನ್ನು ಟಕಟಕ ಬಡಿಯುತ್ತಲೇ ಇರುತ್ತಿದ್ದರು. ಕುರ್ಚಿ ಹಾಕಿದರೆ ಕೂರುವವರಲ್ಲ. ಟೀ ತರಿಸಿದರೆ ಅರ್ಧ ಕುಡಿದು ಲೋಟ ಇಟ್ಟು ಹೊರಟುಬಿಡುವರು. ನಾನೇನು ಭಾರಿ ತಾಳ್ಮೆಯ ಮನುಷ್ಯನಲ್ಲ; ಅವರ ಮುಂದೆ ಮಾತ್ರ ನಾನೂ ಸಾಧುವೇ.

ರಿಟೈರಾದ ಮೇಲೆ ಅವರೊಂದು ಹಳೆಯ ಜೀಪು ತೆಗೆದುಕೊಂಡಿದ್ದರು. ಬಸ್ಸು ಹೋಗದ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕ ಮುದುಕಿಯರ ಬೆನ್ನಿನ ಹುಣ್ಣು ತೊಳೆದು ಬ್ಯಾಂಡೇಜು ಕಟ್ಟಿ ಬರುವುದು ದಿನದ ಕೆಲಸ. ಯಾರೂ ಹೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ಮದುವೆಯಾಗದ ಹೆಂಗಸು, ಒಂಟಿ ಮನೆ. ಮಾಗಡಿಯಲ್ಲಿದ್ದ ಅವರ ಅಕ್ಕನ ಮಗಳು, ಈ ವಯಸ್ಸಿನಲ್ಲಿ ಡ್ರೈವಿಂಗು ಯಾಕೆ, ಜೀಪು ಮಾರಿ ನಮ್ಮ ಮನೆಗೆ ಬಂದುಬಿಡಿ ಎಂದು ಹಿಂದೆ ಬಿದ್ದಿದ್ದಳು. ಜೀಪು ನಿಂತ ದಿನ ತಾನೂ ನಿಂತ ಹಾಗೆ ಎಂದು ನರ್ಸಮ್ಮ ಅವಳ ಬಾಯಿ ಮುಚ್ಚಿಸುತ್ತಿದ್ದರು.

ನಮ್ಮಪ್ಪ ಹಾಸಿಗೆ ಹಿಡಿದಾಗಲೂ ಅವರು ದಿನಾ ಬಂದರು. ನೆಂಟರೆಲ್ಲ ಇವತ್ತು ಮುಖ ಗೆಲುವಾಗಿದೆ, ಗಂಜಿ ಕುಡಿದರು, ಇನ್ನೇನು ಎದ್ದು ಕೂರುತ್ತಾರೆ ಎನ್ನುತ್ತಿದ್ದರು. ನರ್ಸಮ್ಮ ಮಾತ್ರ ನನ್ನನ್ನು ಜಗಲಿಗೆ ಕರೆದು, "ನಿಮ್ಮಪ್ಪ ಉಳಿಯಾಕಿಲ್ಲ ಕಣಪ್ಪ. ಅಣ್ಣಂಗೆ ಫೋನ್ ಮಾಡು, ಇವತ್ತೇ ಮಾಡು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮಾಡಿದೆ. ಅಣ್ಣ ಬಂದ. ಅಪ್ಪ ಅವನ ಕೈ ಹಿಡಿದು ಒಂದಷ್ಟು ಮಾತಾಡಿ ಮಾರನೆಯ ದಿನ ಕಣ್ಣು ಮುಚ್ಚಿದರು. ಆ ಒಂದು ದಿನ ನಮಗೆ ಸಿಕ್ಕಿದ್ದು ನರ್ಸಮ್ಮನಿಂದ, ಅದನ್ನು ನಾನು ಮರೆತಿಲ್ಲ.

ಒಂದು ಸೋಮವಾರ ಜೀಪು ಗೊಂಯ್ ಎಂದು ನರಳುತ್ತ ಅಂಗಡಿ ಮುಂದೆ ಬಂದು ನಿಂತಿತು. ಸ್ಟೀರಿಂಗು ಕಲ್ಲಾಗಿದೆ, ಹೊರಳುವುದೇ ಇಲ್ಲ, ಬೇಗ ನೋಡು ಎಂದರು. ಬೆಲ್ಟು ಒತ್ತಿ ನೋಡಿದೆ, ಬಿಗಿಯಾಗಿಯೇ ಇತ್ತು. ಪವರ್ ಸ್ಟೀರಿಂಗಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಡೆದ ಮಜ್ಜಿಗೆಯಂಥ ನೊರೆ, ಸಾಲದ್ದಕ್ಕೆ ಸುಟ್ಟ ವಾಸನೆ. ಪಂಪಿಗೆ ಎಣ್ಣೆ ಬರುವ ಪೈಪಿನ ಕ್ಲಿಪ್ಪು ಸಡಿಲವಾಗಿ ಗಾಳಿ ಎಳೆದುಕೊಳ್ಳುತ್ತಿತ್ತು. ನೊರೆಗೆ ಕಾರಣ ಅದು, ಸರಿ. ಸುಟ್ಟಿದ್ದು ಹೇಗೆ? ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಹಾಗೇ ಹಿಡಿದುಕೊಂಡರೆ ಮಾತ್ರ ಎಣ್ಣೆ ಹಾಗೆ ಕಾಯುತ್ತದೆ. ಅಷ್ಟು ಹೊತ್ತು ಹಾಗೆ ಹಿಡಿದುಕೊಳ್ಳುವ ತಿರುವು ನಮ್ಮ ಕಡೆ ಎಲ್ಲಿದೆ ಎಂದು ಕೇಳಿದೆ.

ಕೇಳಬಾರದಿತ್ತು. ಪ್ರತಿ ಸೋಮವಾರ ಅವರು ಬಸವಣ್ಣನ ಗುಡಿಗೆ ಪ್ರದಕ್ಷಿಣೆ ಹಾಕುತ್ತಿದ್ದರಂತೆ, ಜೀಪಿನಲ್ಲೇ ಕೂತು! ಗುಡಿಯ ಸುತ್ತ ಜಾಗ ಇಕ್ಕಟ್ಟು, ಸ್ಟೀರಿಂಗನ್ನು ಪೂರ್ತಿ ಒಂದೇ ಕಡೆಗೆ ಎಳೆದು ಹಿಡಿದರಷ್ಟೇ ಸುತ್ತು ಮುಗಿಯುವುದು. ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

"ಇಳಿದು ಸುತ್ತಾಕೆ ಟೈಮ್ ಎಲ್ಲೈತಪ್ಪ? ಅಲ್ಲಿ ಅವ್ರು ಹುಣ್ಣು ಬಿಚ್ಕೊಂಡ್ ಕಾಯ್ತಾ ಇರ್ತಾರೆ. ಬಸವಣ್ಣಂಗೆ ಗೊತ್ತು ಬಿಡು."

ಕ್ಲಿಪ್ಪು ಬದಲಿಸಿ, ಸುಟ್ಟ ಎಣ್ಣೆ ಇಳಿಸಿ, ಹೊಸದು ತುಂಬಿದೆ. ಮುಂದಿನ ಗಾಲಿಗಳನ್ನು ಜಾಕಿ ಕೊಟ್ಟು ಎತ್ತಿ, ಇಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೊರಳಿಸಬೇಕು. ಗಾಳಿ ಗುಳ್ಳೆಯಾಗಿ ಡಬ್ಬಿಗೆ ಏರುತ್ತದೆ, ಎಣ್ಣೆ ಇಳಿದಷ್ಟೂ ಮತ್ತೆ ತುಂಬುತ್ತಿರಬೇಕು. ಅವರನ್ನು ಸೀಟಿನಲ್ಲಿ ಕೂರಿಸಿ ನಾನು ಡಬ್ಬಿ ನೋಡುತ್ತ ನಿಂತೆ. ರಾಗಿ ಬೀಸಿದ ಹಾಗೆ ಗಿರಗಿರ ತಿರುಗಿಸತೊಡಗಿದರು. ನೊರೆ ಇನ್ನಷ್ಟು ಎದ್ದಿತು. ಡ್ರಿಪ್ ಪೈಪಿನಲ್ಲಿ ಗಾಳಿ ಇದ್ದರೆ ನೀವು ಹೀಗೇ ಕುಲುಕುತ್ತಿದ್ದಿರಾ ಎಂದು ರೇಗಿದೆ. ಅಷ್ಟೇ ಸಾಕಾಯಿತು. ಭುಜ ಇಳಿಬಿಟ್ಟು, ಉಸಿರು ಬಿಗಿಹಿಡಿದು, ಅವರು ಸ್ಟೀರಿಂಗನ್ನು ಎಷ್ಟು ಮೆಲ್ಲಗೆ ಹೊರಳಿಸಿದರೆಂದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ತುದಿ ಮುಟ್ಟಿದ ಕೂಡಲೇ ಬಿಡುವುದು, ಈ ಕಡೆಗೆ ತರುವುದು. ಗುಳ್ಳೆ ಕಡಿಮೆಯಾಗಿ ನಿಂತಿತು. ಇಂಜಿನ್ ಹಾಕಿ ಇನ್ನೊಮ್ಮೆ ಹಾಗೇ ಮಾಡಿ ಗಾಲಿ ಇಳಿಸಿದೆವು. ನರಳಾಟ ಹೋಗಿತ್ತು. ಮುಂದಿನ ಸೋಮವಾರದಿಂದ ಜೀಪು ಗುಡಿಯ ಎದುರಿಗೇ ನಿಂತು ಹಾರ್ನ್ ಹೊಡೆದು ಮುಂದಕ್ಕೆ ಹೋಗುತ್ತಿತ್ತು.

ಕೆಲವು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಮತ್ತೆ ಬಂದರು, ಸ್ಟೀರಿಂಗು ಬಿಗಿ ಎಂದು. ಈ ಸಲ ಸದ್ದಿರಲಿಲ್ಲ. ಎಣ್ಣೆ ಜೇನಿನಂತೆ ತಿಳಿಯಾಗಿತ್ತು, ಒಂದು ಗುಳ್ಳೆಯೂ ಇಲ್ಲ. ಬೆಲ್ಟು, ಕ್ಲಿಪ್ಪು, ಟೈರಿನ ಗಾಳಿ ಎಲ್ಲ ಸರಿ. ಮಾಗಡಿ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಂದೆ, ಒಂದೇ ಬೆರಳಿಗೆ ಹೊರಳುತ್ತಿತ್ತು. ತಿರುಗಿ ಬರುವಾಗ ನನಗೆ ಗೊತ್ತಾಯಿತು. ತೊಂದರೆ ಜೀಪಿನಲ್ಲಿ ಇರಲಿಲ್ಲ.

ಹೇಗೆ ಹೇಳುವುದು? ಒಸಿ ಗಾಳಿ ಉಳಿದಿರಬೇಕು, ತೆಗೆದುಬಿಡೋಣ ಎಂದು ಮತ್ತೆ ಜಾಕಿ ಕೊಟ್ಟೆ. ಅವರು ಸೀಟಿನಲ್ಲಿ ಕೂತು ತಿರುಗಿಸಿದರು. ಎಡಗೈ ಸ್ಟೀರಿಂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಿ ಇಟ್ಟರು. ಮತ್ತೆ ಬಿತ್ತು. ನಾನು ಡಬ್ಬಿಯೊಳಗೇ ಕಣ್ಣು ನೆಟ್ಟು ನಿಂತಿದ್ದೆ.

"ಜೀಪಲ್ಲಿ ಗಾಳಿ ಇಲ್ಲ ಕಣಪ್ಪ. ನನ್ನ ಕೈ ಹೋಗೈತೆ. ನರದ ಕಾಯ್ಲೆ, ನಂಗೆ ಗೊತ್ತಾಗೈತೆ. ಗಾಲಿ ಇಳಿಸು" ಅಂದರು.

ಇಳಿಸಿದೆ. ಪಕ್ಕದ ಸೀಟಿಗೆ ಸರಿದು ಕೂತು, ಒಂದು ಮುದುಕಿಗೆ ಬೆಳಿಗ್ಗೆಯಿಂದ ಬ್ಯಾಂಡೇಜು ಬದಲಿಸಿಲ್ಲ, ನೀನೇ ಓಡಿಸು ಎಂದರು. ಶಟರು ಎಳೆದು ಹೊರಟೆ. ಅವತ್ತಿನಿಂದ ಬೆಳಗಿನ ಹೊತ್ತು ನನ್ನ ಅಂಗಡಿ ಬಾಗಿಲು ತೆಗೆಯಲಿಲ್ಲ. ಬಲಗೈಯೂ ಸೋಲುತ್ತ ಬಂದಾಗ ನನ್ನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡರು. ಹುಣ್ಣು ತೊಳೆಯುವುದು, ಮಗ್ಗುಲು ಹೊರಳಿಸುವುದು ಎಲ್ಲವನ್ನೂ ಪಕ್ಕದಲ್ಲಿ ನಿಂತು ಬೈದು ಬೈದು ಕಲಿಸಿದರು. ನಾನು ಗೇರು ತಪ್ಪಿದರೂ ಬೈಗುಳ, ಅವಳು ಗಂಟು ಸಡಿಲ ಕಟ್ಟಿದರೂ ಬೈಗುಳ. ಸಂಜೆ ಮನೆಯಲ್ಲಿ ನಾವಿಬ್ಬರೂ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು.

ಕೊನೆಗೆ ಅವರೇ ಹಾಸಿಗೆ ಹಿಡಿದರು. ಅಕ್ಕನ ಮಗಳು ಬಂದು ಜೊತೆಗಿದ್ದಳು. ಒಂದು ಬೆಳಿಗ್ಗೆ ನೋಡಲು ಹೋದಾಗ ಮಾತು ತೊದಲುತ್ತಿತ್ತು. ಇವತ್ತು ಯಾರ್ ಹೋಗ್ತಾರೆ ಎಂದು ಕೇಳಿದರು. ನೀವೇ ಹುಷಾರಾಗಿ ಹೋಗ್ತೀರಂತೆ, ಈಗ ಆ ಯೋಚನೆ ಯಾಕೆ ಎಂದು ಅಕ್ಕನ ಮಗಳು ಕಣ್ಣೊರೆಸಿಕೊಂಡಳು. ನರ್ಸಮ್ಮ ಅವಳತ್ತ ತಿರುಗಲೂ ಇಲ್ಲ, ನನ್ನನ್ನೇ ನೋಡುತ್ತಿದ್ದರು. ನಾನೇ ಹೇಳಿದೆ.

"ನೀವಿನ್ನು ಹೋಗಾಕಾಗಲ್ಲ ನರ್ಸಮ್ಮೋರೆ. ನಮ್ಮನೆಯವ್ಳು ಕಲ್ತವ್ಳೆ. ನಾನು ಕರ್ಕೊಂಡ್ ಹೋಗ್ತೀನಿ."

ಅವರ ಮುಖ ಸಡಿಲವಾಯಿತು. "ಮತ್ತೆ ಇಲ್ಲೇನ್ ನಿಂತಿದ್ದೀಯ? ಹೊರಡು, ಬಿಸಿಲೇರ್ತದೆ" ಅಂದರು.

ಹೊರಟೆವು. ಹಳ್ಳಿ ಮುಗಿಸಿ ವಾಪಸು ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತಿರಬೇಕಿತ್ತು ಎಂದು ಊರವರು ಈಗಲೂ ಅನ್ನುತ್ತಾರೆ. ಕೂತಿದ್ದರೆ ನರ್ಸಮ್ಮನೇ ಎಬ್ಬಿಸಿ ಕಳಿಸುತ್ತಿದ್ದರು.