ಸುಭದ್ರಾಬಾಯಿಯ ಕಟ್ಟಿಗೆ ನೆಲ

ಸುಭದ್ರಾಬಾಯಿ ಒಂದು ಕಡೆ ನೆಟ್ಟಗೆ ನಿಂತವಳಲ್ಲ. ಆಳಂದದ ನಮ್ಮ ಓಣಿಯಲ್ಲಿ ಆಕೆಯದೂ ನನ್ನದೂ ಮಗ್ಗುಲ ಮನೆ. ಚಹಾಕ್ಕೆ ಕರೆಯುತ್ತಾಳೆ, ಕಪ್ಪು ಕೈಗಿಟ್ಟು ಮಾಯವಾಗುತ್ತಾಳೆ. ಉಣ್ಣುವಾಗಲೂ ಎರಡು ಸಲ ಏಳಬೇಕು, ಒಮ್ಮೆ ಉಪ್ಪಿಗೆ, ಒಮ್ಮೆ ಸುಮ್ಮನೆ. ಕಾಲಲ್ಲಿ ಚಕ್ರ ಇದೆ ಎಂದು ಓಣಿಯವರು ನಗುತ್ತಿದ್ದರು. ಮುಂಜಾನೆ ಎದ್ದವಳೇ ಪಡಸಾಲೆಯ ಶಹಾಬಾದ ಪರಸಿಕಲ್ಲಿನ ಮೇಲೆ ಬಕೆಟ್‌ಗಟ್ಟಲೆ ನೀರು ಸುರುವಿ, ಬಾರಿಗೆಯಿಂದ ಹೊರಕ್ಕೆ ದಬ್ಬುತ್ತಿದ್ದಳು. ನೆಲ ತೊಳೆಯದೆ ಲಿಂಗಪೂಜೆ ಇಲ್ಲ, ಪೂಜೆ ಆಗದೆ ಮನೆಯಲ್ಲಿ ಯಾರಿಗೂ ಚಹಾ ಇಲ್ಲ.

ಹೋದ ವರ್ಷ ಆ ನೀರಿನಲ್ಲೇ ಜಾರಿ ಬಿದ್ದಳು. ತೊಡೆಯ ಎಲುಬು ಮುರಿದು, ಸೊಲ್ಲಾಪುರದಲ್ಲಿ ರಾಡು ಹಾಕಿದರು. ಮನೆಗೆ ಬಂದಾಗ ಆಕೆಯ ಕೈಗೆ ಕೋಲು ಬಂದಿತ್ತು, ಬಾರಿಗೆ ಸೊಸೆ ಶೈಲಶ್ರೀಯ ಕೈಗೆ ಹೋಗಿತ್ತು. ಒಲೆಯೂ ಅವಳದೇ ಆಯಿತು. "ಅತ್ತೀ, ನೀವು ಆರಾಮ ಮಾಡ್ರಿ" ಎಂದು ಆ ಹುಡುಗಿ ಪ್ರೀತಿಯಿಂದಲೇ ಹೇಳುತ್ತಿದ್ದಳು. ಆ ಪ್ರೀತಿ ಸುಭದ್ರಾಬಾಯಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಕೆಲಸವಿಲ್ಲದ ಮನೆಯಲ್ಲಿ ಆಕೆ ಕೋಲು ಕುಟ್ಟುತ್ತ ಬಾಗಿಲಿಂದ ಬಾಗಿಲಿಗೆ ತಿರುಗುತ್ತಿದ್ದಳು.

ಗಂಡ ದೌಲತರಾಯ ತೊಗರಿ ವ್ಯಾಪಾರಿ. ಮಾತು ಕಡಿಮೆ, ಹಟ ಹೆಚ್ಚು. ಸೊಲ್ಲಾಪುರದ ಡಾಕ್ಟರ ಮನೆಯಲ್ಲಿ ಕಟ್ಟಿಗೆ ನೆಲ ನೋಡಿ ಬಂದವನು, ಹೆಂಡತಿಯನ್ನು ಒಂದು ಮಾತೂ ಕೇಳದೆ ಪಡಸಾಲೆಗೆ ಅದನ್ನೇ ಹಾಕಿಸಲು ಹೊರಟ. ಜೇವರ್ಗಿಯ ಸರ್ದಾರ ಎಂಬ ಹರೆಯದ ಮಿಸ್ತ್ರಿ ಹೈದರಾಬಾದಿನಲ್ಲಿ ಈ ಕೆಲಸ ಕಲಿತು ಬಂದಿದ್ದ. ನಮ್ಮ ಕಡೆ ಅವನಿಗೆ ಇದೇ ಮೊದಲ ಮನೆ. "ಇದೊಂದು ಛಲೋ ಆತಂದ್ರ ಆಳಂದ, ಅಫಜಲಪುರ, ಎಲ್ಲಾ ಕಡಿಂದ ಕರೀತಾರ್ರಿ" ಎಂದು ನನ್ನ ಮುಂದೆಯೂ ಹೇಳಿದ್ದ.

ಹಲಗೆಗಳ ಪೆಟ್ಟಿಗೆ ಬಂದವು. ಮೇಲೆ ತೆಳ್ಳಗೆ ಅಸಲಿ ಮರ, ಕೆಳಗೆ ಪ್ಲೈವುಡ್ಡಿನ ಹಾಗೆ ಪದರ ಪದರ. ಸರ್ದಾರ ಅವನ್ನು ಮುಟ್ಟಲೇ ಇಲ್ಲ, ಮನೆಯ ಹವಾ ಹಿಡಿಯಲಿ ಎಂದು ಕೆಲವು ದಿನ ಪಡಸಾಲೆಯಲ್ಲೇ ಬಿಟ್ಟ. ಬಂದ ಸಾಮಾನು ಹಾಗೇ ಬಿದ್ದಿದ್ದರೆ ಸುಭದ್ರಾಬಾಯಿಗೆ ಜೀವ ನಿಲ್ಲುತ್ತದೆಯೇ? ದಿನಕ್ಕೆ ಹತ್ತು ಸಲ ಪೆಟ್ಟಿಗೆಗಳ ಸುತ್ತ ಸುತ್ತಿದಳು. ಕೊನೆಗೆ ಅವನು ಪರಸಿಯ ಮೇಲೆ ಫೋಮಿನ ಹಾಳೆ ಹಾಸಿ, ಹಲಗೆಗೆ ಹಲಗೆ ಕೂಡಿಸಿ ಕೂರಿಸಿದ. ಗೋಡೆಯ ಗುಂಟ ಮಾತ್ರ ಸುತ್ತಲೂ ಬೆರಳಷ್ಟು ಸಂದು ಬಿಟ್ಟ.

"ಇದೇನಪಾ, ಇಲ್ಲಿ ಹಂಗಽ ಬಿಟ್ಟಿ?" ಎಂದಳು ಸುಭದ್ರಾಬಾಯಿ.

"ಅದು ಇರಬೇಕ್ರಿ ಅವ್ವಾರ. ಮಳಿಗಾಲದಾಗ ಕಟ್ಟಿಗಿ ಹಿಗ್ಗತದ, ಅದಕ್ಕ ಜಾಗಾ ಬೇಕು. ಮ್ಯಾಲ ಪಟ್ಟಿ ಬಡದ್ರ ಕಾಣಂಗಿಲ್ಲ."

"ನೀರು ಹಾಕಿ ತೊಳೀಬಹುದಲಾ?"

"ನೀರಂತೂ ಬ್ಯಾಡೇ ಬ್ಯಾಡ್ರಿ. ಒಣಾ ಬಟ್ಟಿಲೆ ಒರಸೂದು. ಭಾಳ ಆದ್ರ ಗಟ್ಟಿ ಹಿಂಡಿದ ಅರಿವಿ."

"ಮತ್ತ ನಾ ಏನ ಮಾಡ್ಲಿ?"

"ನೀವು ಆರಾಮ ಮಾಡ್ರಿ" ಎಂದ ಪಾಪ ಸರ್ದಾರ. ಅವನಿಗೇನು ಗೊತ್ತು?

ಗೋಡೆಯ ಪಟ್ಟಿ ಬರುವುದು ತಡವಾಯಿತು. ಬಂದ ಮೇಲೆ ಬಡಿಯುತ್ತೇನೆ ಎಂದು ಸರ್ದಾರ ಜೇವರ್ಗಿಗೆ ಹೋದ. ಕಪ್ಪು ಎರೆ ಮಣ್ಣಿನ ನಮ್ಮ ಊರಲ್ಲಿ ಗೋಡೆಯ ಬುಡದಲ್ಲಿ ಸಂದು ಕಂಡರೆ ಅಂದೇ ಸಿಮೆಂಟು ಮೆತ್ತುವುದು ರೂಢಿ. ಬಿಟ್ಟರೆ ಚೇಳು ಮನೆ ಮಾಡುತ್ತವೆ. ಒಂದು ಮಧ್ಯಾಹ್ನ ಸೊಸೆ ಮಲಗಿದ್ದಾಗ ಸುಭದ್ರಾಬಾಯಿ ಮನೆಯಲ್ಲಿ ಉಳಿದಿದ್ದ ಬಿಳಿ ಸಿಮೆಂಟು ಕಲಸಿದಳು. ಕೆಳಗೆ ಕೂಡಬಾರದು ಎಂಬ ಡಾಕ್ಟರ ಮಾತು ಗಾಳಿಗೆ ತೂರಿ, ಕಾಲು ಚಾಚಿಕೊಂಡು ಸರಿಯುತ್ತ ಸರಿಯುತ್ತ ಸುತ್ತಲಿನ ಸಂದಿಯನ್ನೆಲ್ಲ ಚಮಚೆಯಿಂದ ತುಂಬಿಬಿಟ್ಟಳು. ಆ ಸಂಜೆ ಆಕೆಯ ಮುಖ ಅರಳಿತ್ತು. ಏನು ವಿಶೇಷ ಎಂದು ಕೇಳಿದರೆ ಹೇಳಲಿಲ್ಲ. ಬಿಳಿ ಗೆರೆ ಕಂಡ ದೌಲತರಾಯ, ಸರ್ದಾರನೇ ಹೀಗೆ ಮುಗಿಸಿದ್ದಾನೆ ಅಂದುಕೊಂಡ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತು. ಹಂಚಿನ ಮೇಲಿನ ರೊಟ್ಟಿಯ ಹಾಗೆ ಪಡಸಾಲೆಯ ನಡುವೆ ನೆಲ ಉಬ್ಬಿತು. ಕಾಲಿಟ್ಟರೆ ಕರ್ ಎನ್ನುತ್ತಿತ್ತು. ದೌಲತರಾಯ ಫೋನು ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಾಡಿದ: "ಎಂಥಾ ಮಿಸ್ತ್ರಿಲೇ ನೀ? ಆಳಂದದಾಗ ನಿನಗ ಯಾರೂ ಕೆಲಸ ಕೊಡದಂಗ ಮಾಡ್ತೇನಿ!"

ಸುಭದ್ರಾಬಾಯಿ ನಮ್ಮ ಮನೆಗೆ ಬಂದಳು. ಚಹಾ ಕುದಿಯುವಷ್ಟರಲ್ಲಿ ಹೋದಳು, ಮತ್ತೆ ಬಂದಳು. ಸರ್ದಾರನ ಮಾತು ನೆನಪಾಗಿ, ಸಂದಿಗೂ ಈ ಉಬ್ಬಿಗೂ ಏನು ಸಂಬಂಧ ಎಂದು ಆಕೆಗೆ ಹೊಳೆದಿತ್ತು. ನನಗೆ ಎಲ್ಲ ಹೇಳಿ, ಸೆರಗು ಹಿಂಡುತ್ತ ನಿಂತಳು.

"ಹೇಳಿದ್ರ ಇನ್ನ ನನಗ ಹಾಸಿಗಿ ಬಿಟ್ಟು ಏಳಾಕ ಕೊಡಂಗಿಲ್ಲ ಬೇ. ಹೇಳದಿದ್ರ ಆ ಹುಡುಗನ ಹೊಟ್ಟಿ ಮ್ಯಾಲ ಹೊಡದಂಗ."

"ಹೇಳು" ಎಂದೆ. ಹೇಳುವುದು ನನಗೆ ಸಸಾರ, ಅನುಭವಿಸುವವಳು ಆಕೆ.

ಮರುದಿನ ಸರ್ದಾರ ಬಂದ. ನಾನೂ ಹೋದೆ, ಕುತೂಹಲ ಯಾರನ್ನು ಬಿಟ್ಟಿದೆ? ಅವನು ಬಗ್ಗಿ ಗೋಡೆಯ ಗುಂಟ ಬೆರಳಾಡಿಸಿದ.

"ಸಾಹುಕಾರ್ರ, ಇದು ನಾ ತುಂಬಿದ್ದಲ್ರಿ. ಹಿಗ್ಗಾಕ ಜಾಗಾ ಇಲ್ಲದ ಮ್ಯಾಕ ಎದ್ದದ."

"ನೀ ಅಲ್ಲಂದ್ರ ಮತ್ತ ಭೂತ ಬಂದು ತುಂಬ್ತೇನು? ಸುಳ್ಳ ಬ್ಯಾರೆ ಹೇಳ್ತಿಯಾ?"

ಸರ್ದಾರನ ಮುಖ ಕಪ್ಪಿಟ್ಟಿತು. ಸುಭದ್ರಾಬಾಯಿಯ ಕೋಲು ನೆಲಕ್ಕೆ ಬಡಿಯಿತು.

"ಅವನ್ನ ಬೈಬ್ಯಾಡ್ರಿ. ನಾ ತುಂಬೇನಿ. ಚೇಳ ಬರ್ತಾವಂತ ತುಂಬೇನಿ." ಕೋಲಿನಿಂದ ಗೋಡೆಯ ಬುಡದ ಬಿಳಿ ಗೆರೆ ತೋರಿಸಿದಳು. "ಖರೇ ಹೇಳ್ಬೇಕಂದ್ರ ಚೇಳಿಗೂ ಅಲ್ಲ. ಈ ಮನಿಯಾಗ ನನಗ ಒಂದು ಕೆಲಸ ಉಳಿದಿದ್ದಿಲ್ಲ. ಕಾಲು ನೆಟ್ಟಗಾದ ಮ್ಯಾಲ ತೊಳಿಯಾಕ ಇದ್ದದ್ದು ಆ ಪರಸಿ ಒಂದು. ಅದನೂ ನೀವು ಮುಚ್ಚಿಸಿದ್ರಿ."

ದೌಲತರಾಯ ಯಾರ ಮುಖವನ್ನೂ ನೋಡದೆ ಹೇಳಿದ: "ನೀ ಆ ಪರಸಿ ಮ್ಯಾಲ ಬಿದ್ದು ಒದರಿದ್ದು ನನ್ನ ಕಿವಿಯಾಗಿಂದ ಹೋಗವಲ್ದು. ದಿನಾ ಅದನ್ನ ತುಳದು ಹೋಗೂದು ನನ್ನ ಕಡಿಂದ ಆಗಲಿಲ್ಲ. ಅದಕ್ಕ ಮುಚ್ಚಿಸಿದೆ. ನಿನ್ನ ಮೂಲಿಗೆ ಹಾಕಾಕ ಅಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಆತ ಹೆಂಡತಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ದಿನ ಇದನ್ನು ಎಲ್ಲಿ ಮುಚ್ಚಿಟ್ಟಿದ್ದನೋ.

"ಈ ಮಾತು ಆಗಽ ಹೇಳಿದ್ರ ನಾ ಸಿಮೆಂಟ್ ಯಾಕ ಕಲಸ್ತಿದ್ದೆ?" ಎಂದು ಸುಭದ್ರಾಬಾಯಿ ಅತ್ತೇಬಿಟ್ಟಳು.

ದೌಲತರಾಯ ಸರ್ದಾರನ ಹೆಗಲ ಮೇಲೆ ಕೈಯಿಟ್ಟು, "ತಪ್ಪಾತಪಾ, ಸುಮ್ನ ಬೈದೆ" ಎಂದ. ಸಿಮೆಂಟು ಹುಷಾರಾಗಿ ಕೆತ್ತಿ ತೆಗೆದರೆ ಹಲಗೆ ಮೆಲ್ಲಗೆ ಕೆಳಗಿಳಿದು ಕೂಡುತ್ತವೆ, ಒಡೆದದ್ದು ಒಂದೂ ಇಲ್ಲ ಎಂದ ಸರ್ದಾರ, ಚೀಲದಿಂದ ಉಳಿ ತೆಗೆದ. ಸುಭದ್ರಾಬಾಯಿ ಕಣ್ಣೊರೆಸಿಕೊಂಡು ಕೈ ಚಾಚಿದಳು. "ಅತ್ತೀ" ಎಂದು ಶೈಲಶ್ರೀ ಮುಂದೆ ಬಂದಳು. ದೌಲತರಾಯ ಸೊಸೆಯನ್ನು ತಡೆದು, ಸರ್ದಾರನ ಕೈಯಿಂದ ಉಳಿಯನ್ನು ತಾನೇ ಇಸಿದುಕೊಂಡು ಹೆಂಡತಿಯ ಕೈಗೆ ಕೊಟ್ಟ.