ತೊಡೆ ಮೇಲೆ ಮಾದೇವಿಯ ಬ್ಯಾಗು

ಬಸ್ಸು ಹತ್ತಿದ ಕಾಲೇಜು ಹುಡುಗಿಯೊಬ್ಬಳು ಹೇಳದೆ ಕೇಳದೆ ತನ್ನ ಬ್ಯಾಗನ್ನು ನನ್ನ ತೊಡೆ ಮೇಲಿಟ್ಟು ಕಂಬಿ ಹಿಡಿದು ನಿಂತಳು. ತಾಳವಾಡಿ ಕಡೆ ಇದೇ ಕಾನೂನು: ಕೂತವರ ತೊಡೆ ನಿಂತವರ ಚೀಲಕ್ಕೆ. ಒಳಗಿನ ಡಬ್ಬಿಯ ಬಿಸಿ ತಾಕಿತು, ಹುಚ್ಚೆಳ್ಳು ಚಟ್ನಿಯ ವಾಸನೆ ಮೂಗಿಗೆ ಬಂತು. ಮುಗಿಯಿತು ನೋಡಿ, ನಾನು ಮಾದೇವಿಯ ಕಾಲಕ್ಕೆ ಹೋಗಿಬಿಟ್ಟೆ.

ಆಗ ದೊಡ್ಡಗಾಜನೂರಿನಿಂದ ಸತ್ಯಮಂಗಲದ ಕಾಲೇಜಿಗೆ ದಿನಾ ಬಸ್ಸಲ್ಲಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡಿ ಬೆಳೆದವಳೇ. ಆದರೂ ಘಾಟಿ ಕೆಳಗಿನ ಹುಡುಗಿಯರ ತಮಿಳಿನ ಓಟಕ್ಕೆ ನನ್ನ ತಮಿಳು ಏದುಸಿರು ಬಿಡುತ್ತಿತ್ತು. ಊಟದ ಹೊತ್ತಿಗೆ ಬೇವಿನ ಮರವೊಂದೇ ಜೊತೆ. ಒಬ್ಬಳೇ ಉಣ್ಣುವುದು ಸಾಕಾಗಿ, ಶುಕ್ರವಾರ ಅಪ್ಪನಿಗೆ ಕಾಲೇಜು ಬೇಡ ಎಂದು ಹೇಳಿಬಿಡುವ ತೀರ್ಮಾನ ಮಾಡಿದ್ದೆ.

ತಿಗನಾರೆಯ ಮಾದೇವಿಯದೂ ಅದೇ ಕಾಲೇಜು, ಅದೇ ಬಸ್ಸು. ಅವಳ ತಾಯಿ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ಆಕೆಯ ಕಾಫಿ ಲೋಟ ನಮ್ಮ ಜಗಲಿ ಮೂಲೆಯಲ್ಲಿ ಬೇರೆಯೇ ಇರುತ್ತಿತ್ತು. ಅದಕ್ಕೇ ಇರಬೇಕು, ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮಾದೇವಿ ಕೂರುತ್ತಿರಲಿಲ್ಲ. ಬ್ಯಾಗು ಮಾತ್ರ ಕೊಡುತ್ತಿದ್ದಳು.

ಆ ಗುರುವಾರ ದಿಂಬಂ ಘಾಟಿಯ ತಿರುವಿನಲ್ಲಿ ನನ್ನ ಹೊಟ್ಟೆ ತೊಳಸಿತು. ಕಿಟಕಿ ಪಕ್ಕದ ಅಜ್ಜ ಗೊರಕೆ ಹೊಡೆಯುತ್ತಿದ್ದ. ಮುಂದಿನದನ್ನು ಹೇಗೆ ಹೇಳಲಿ? ಬೆಳಿಗ್ಗೆ ತಿಂದದ್ದೆಲ್ಲ ಮಾದೇವಿಯ ಬ್ಯಾಗಿಗೆ ಹೋಯಿತು, ಬಟ್ಟೆಯಲ್ಲಿ ಕಟ್ಟಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಮೇಲೆ.

"ಬುಡಕ್ಕ, ಬುಕ್ಕೆಲ್ಲ ಕೈಲೇ ಅವೆ," ಎಂದು ನಕ್ಕಳು ಪುಣ್ಯಾತ್ಗಿತ್ತಿ.

ಮಧ್ಯಾಹ್ನ ಅವಳನ್ನು ಮರದಡಿಗೆ ಎಳೆದು ತಂದು ನನ್ನ ಡಬ್ಬಿ ಮುಂದಿಟ್ಟೆ.

"ಬ್ಯಾಡ ಕಣಕ್ಕ. ನಿಮ್ಮವ್ವಂಗೆ ಗೊತ್ತಾದ್ರೆ?"

"ನಮ್ಮವ್ವ ಇದ್ನ ನೋಡಕ್ಕೆ ಘಾಟಿ ಇಳ್ದು ಬತ್ತಾಳಾ? ಆಕು ಕೈಯ."

ಹಾಕಿದಳು. ಹೆದರಿಕೆ ನನಗೂ ಇತ್ತು. ಒಬ್ಬಳೇ ಉಣ್ಣುವ ಬೇಸರ ಅದಕ್ಕಿಂತ ದೊಡ್ಡದಿತ್ತು. ಶುಕ್ರವಾರ ಅಪ್ಪನಿಗೆ ಏನೂ ಹೇಳಲಿಲ್ಲ. ಸೋಮವಾರ ಮಾದೇವಿ ಪಕ್ಕದಲ್ಲೇ ಕೂತಳು, ಬ್ಯಾಗನ್ನು ಮಾತ್ರ ನನ್ನ ತೊಡೆ ಮೇಲೇ ಇಟ್ಟಳು. ಕೂತಿದ್ದೀಯಲ್ಲ, ನೀನೇ ಇಟ್ಕೊ ಅಂದರೆ, "ಅದ್ಕೆ ನಿನ್ ತೊಡೆನೇ ವಾಡ್ಕೆ ಆಗ್ಯದೆ ಕಣಮ್ಮಿ."

ಸುದ್ದಿ ಮಾತ್ರ ಘಾಟಿ ಹತ್ತಿ ಬಂತು. ಅವ್ವ ಮೈಲಿಗೆ ಕಳೆಯುವವಳಂತೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಫಳಫಳ ಹೊಳೆಯುವ ಆ ಡಬ್ಬಿಯಲ್ಲೇ ಮರುದಿನವೂ ಇಬ್ಬರೂ ಉಂಡೆವು.

ಈಗ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಮಾದೇವಿ ತಿಗನಾರೆಯಲ್ಲಿ ಹೊಸ ಮನೆ ಕಟ್ಟಿ ಊಟಕ್ಕೆ ಕರೆದಿದ್ದಾಳೆ. ನಾನೂ ಬತ್ತೀನಿ ಎಂದು ಅವ್ವ ತಾನಾಗಿಯೇ ಹೊರಟಿದ್ದು. ಬೆಳಿಗ್ಗೆಯಿಂದ ನನಗೆ ಒಂದೇ ಭಯ: ಎಲೆ ಮುಂದೆ ಕೂತು ಅವ್ವ ಹೊಟ್ಟೆ ಸರಿಯಿಲ್ಲ ಅಂದುಬಿಟ್ಟರೆ?

ಅವ್ವ ಹುಡುಗಿಯ ಬ್ಯಾಗಿನ ಕಡೆ ಮೂಗರಳಿಸಿದಳು. "ಉಚ್ಚೆಳ್ ಚಟ್ನಿ ಅಲ್ವಾ? ಮಾದೇವಿನೂ ಮಾಡಿರ್ತಾಳಾ?"

"ಮಾಡಿರ್ತಾಳೆ."

"ಅಂಗಾದ್ರೆ ರೊಟ್ಟಿ ಒಂದು ಜಾಸ್ತಿನೇ ಸೇರ್ತದೆ," ಎಂದ ಅವ್ವ, ಆ ಬ್ಯಾಗನ್ನು ನನ್ನ ತೊಡೆಯಿಂದ ತನ್ನ ಮಡಿಲಿಗೆ ಎಳೆದುಕೊಂಡಳು.